ದಿನಕ್ಕೆ ಮೂರು ಗಂಟೆ

1
ಎಲ್ಲಿಂದ ಶುರು ಮಾಡಲಿ? ಮಿದುಳಿನಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ಇಲಿಯಿಂದ ಶುರು ಮಾಡಿದರೆ ಮೂಗು ಮುರಿಯುತ್ತೀರಿ. ಹಾಳಾಗಿ ಹೋಗಲಿ, ಇಲಿಯೇ ಇರಲಿ.

ಅದೊಂದು ಪ್ರಯೋಗಾಲಯ. ಅಲ್ಲಿನ ವಿಜ್ಞಾನಿ ಮೇಡಂ ಎಳೆಯ ಇಲಿಮರಿಗಳನ್ನು ದಿನಕ್ಕೆ ಮೂರು ಗಂಟೆ ತಾಯಿಯಿಂದ ಬೇರೆ ಇಡಿಸುತ್ತಾರೆ. ಎಳವೆಯಲ್ಲಿ ಒಂಟಿಯಾದ ಮರಿಯ ಮಿದುಳಿನಲ್ಲಿ ನಂಟು ಬೆಸೆಯುವ ರಸ ಬತ್ತುತ್ತದೆ, ದೊಡ್ಡದಾದ ಮೇಲೆ ಅದು ಯಾರನ್ನೂ ಹತ್ತಿರ ಸೇರಿಸುವುದಿಲ್ಲ ಎಂಬುದು ಅವರ ಊಹೆ. ಎರಡು ವರ್ಷ ಕಳೆಯಿತು. ಒಂಟಿ ಮರಿಗಳು ದೊಡ್ಡವಾಗಿ, ಒಂದರ ಮೇಲೊಂದು ಬಿದ್ದು ಸುಖವಾಗಿ ಮಲಗಿವೆ.

2
ಕಾರಣ, ಪಂಜರ ತೊಳೆಯುವ ಅಕ್ಕ. ಕಿಟಕಿಯಿಲ್ಲದ ಕೋಣೆಯಲ್ಲಿ ಆ ಮೂರು ಗಂಟೆ ಅವಳು ಒದ್ದೆ ಬ್ರಶ್ಶಿನಿಂದ ಮರಿಗಳ ಬೆನ್ನು ಸವರುತ್ತಿದ್ದಳು, ತಾಯಿ ಇಲಿ ನೆಕ್ಕಿದ ಹಾಗೆ. ಯಾರಿಗೂ ಹೇಳಿರಲಿಲ್ಲ.

(ಮೊದಲ ಡ್ರಾಫ್ಟಿನಲ್ಲಿ ಇಲ್ಲಿ ಅವಳ ತಾಯಿಯನ್ನು ಸಾಯಿಸಿ, ಅವಳನ್ನು ಅನಾಥಾಲಯದಲ್ಲಿ ಬೆಳೆಸಿದ್ದೆ. ಒಂದೂವರೆ ಪುಟ, ಕಲ್ಲೂ ಕರಗುವಂಥದ್ದು. ಅವಳು ಓದಿ ಬಕೆಟ್ ಕುಕ್ಕಿದಳು.)

“ನಮ್ಮಮ್ಮ ನನ್ನನ್ನ ನಾಲ್ಕು ವರ್ಷ ಸೊಂಟದಿಂದ ಇಳಿಸ್ಲಿಲ್ಲ. ಅವಳನ್ನ ಯಾಕೆ ಸಾಯಿಸಿದ್ರಿ?”

“ಕಥೆಗೊಂದು ಕಾರಣ ಬೇಕಲ್ಲ ತಾಯಿ.”

“ಅಮ್ಮನ್ನ ಕರೆಯೋಕೆ ಮರಿ ಬಾಯಿ ಬಿಡ್ತಿತ್ತು, ಸದ್ದೇ ಬರ್ತಿರ್ಲಿಲ್ಲ. ನನ್ನ ಕೈ ಸುಮ್ನಿರ್ಲಿಲ್ಲ. ಇನ್ನೇನ್ ಕಾರಣ?”

ಡ್ರಾಫ್ಟ್ ಹರಿದೆ.

ಮತ್ತೆ 2
ಇವತ್ತು ಮಧ್ಯಾಹ್ನ ಮೇಡಂ ಚಾಕಲೇಟ್ ಹಂಚಿದರು.

“ಐದು ಗಂಟೆಗೆ ಪತ್ರಿಕೆಗೆ ಲೇಖನ ಕಳಿಸ್ತೀನಿ ಅಕ್ಕ. ನನ್ನ ಊಹೆ ಸುಳ್ಳಾಯ್ತು, ಆದ್ರೂ ಒಳ್ಳೇ ಸುದ್ದಿ. ತಾಯಿಯಿಂದ ದೂರ ಇಟ್ರೆ ಏನೂ ಆಗಲ್ಲ. ಹಸುಗೂಸುಗಳನ್ನ ಬೇರೆ ಕೋಣೇಲಿ ಇಡ್ಬಹುದಾ ಅಂತ ಆಸ್ಪತ್ರೆಯವ್ರು ಆಗ್ಲೇ ಕೇಳ್ತಿದ್ದಾರೆ.”

ಅಕ್ಕ ಬಾಯಲ್ಲಿದ್ದ ಚಾಕಲೇಟನ್ನು ತೆಗೆದು ಮತ್ತೆ ಕಾಗದಕ್ಕೆ ಸುತ್ತಿದಳು.

4
(ಮೂರೆಲ್ಲಿ ಎಂದು ಕೇಳಬೇಡಿ. ಬರೆದಿದ್ದೆ, ಕಸವಾಗಿತ್ತು.)

ಮೊದಲನೆಯ ಮುಕ್ತಾಯ: ಮರಿಗಳ ಬೆನ್ನು ಸವರಿದ್ದನ್ನು ಅಕ್ಕ ಒಪ್ಪಿಕೊಳ್ಳುತ್ತಾಳೆ. ಕೆಲಸ ಹೋಗುತ್ತದೆ, ಸತ್ಯ ಗೆಲ್ಲುತ್ತದೆ.

“ಗೆದ್ದು? ಮೇಡಂ ಮೊದಲಿಂದ ಶುರು ಮಾಡ್ತಾರೆ, ಹೊಸ ಮರಿ ತರಿಸ್ತಾರೆ. ಆಗ ಬ್ರಶ್ ಹಿಡಿಯೋರ್ಯಾರು?”

ಎರಡನೆಯದು: ಸುಮ್ಮನಿರುತ್ತಾಳೆ.

“ಆಸ್ಪತ್ರೆ ಕೂಸುಗಳ ಬೆನ್ನು ನೀವು ಹೋಗಿ ಸವರ್ತೀರಾ?”

ಮೂರನೆಯದು: ಅವಳು ಮರಿ ಸವರುತ್ತಿರುವಾಗ ಮೇಡಂ ತಾವಾಗಿಯೇ ಒಳಗೆ ಬಂದು ನೋಡಿಬಿಡುತ್ತಾರೆ.

“ಸೋಮಾರಿ ನೀವು.”

ನನಗೂ ನೆತ್ತಿಗೇರಿತು. ಹೊಟ್ಟೆಗೆ ಹಿಟ್ಟಿಲ್ಲದೆ ಬರೆಯುವವನಿಗೆ ಪಾತ್ರದ ಕೈಯಲ್ಲಿ ಬೈಗುಳ ಬೇರೆ.

“ಐದಕ್ಕೆ ಹತ್ತು ನಿಮಿಷ ಇದೆ. ಮೇಡಂ ಬಾಗಿಲು ತಟ್ಟಮ್ಮ. ಆಮೇಲೆ ಏನಾಗುತ್ತೋ ನಾನು ನೋಡಿಕೊಳ್ತೀನಿ.”

“ಇಷ್ಟೊತ್ತು ನೋಡಿಕೊಂಡಿದ್ದು ಸಾಲ್ದಾ?”

ಆದರೂ ಎದ್ದಳು. ಎಡ ಅಂಗೈಯಲ್ಲಿ ಈ ವಾರ ಹುಟ್ಟಿದ ಮರಿ, ಬಲಗೈಯಲ್ಲಿ ಬ್ರಶ್. ಮೇಡಂ ಕೋಣೆಯವರೆಗೆ ನಡೆದಳು. ಬಾಗಿಲ ಮುಂದೆ ನಿಂತಳು.

“ನೀವೇ ತಟ್ಟಿ,” ಎಂದಳು. “ನನ್ನ ಕೈ ಖಾಲಿ ಇಲ್ಲ.”

ನನ್ನ ಕೈ ಕಾಗದದಾಚೆ ಹೋಗುವುದಿಲ್ಲ. ನಿಮ್ಮದು ಹೋಗುತ್ತದೆಯೇ? ಬೇಗ ಹೇಳಿ. ಮರಿ ಬಾಯಿ ತೆರೆದಿದೆ.