ಕಂಬದ ತುದಿಯಲ್ಲಿ ಸಿಕ್ಕ ಕುಣಿಕೆ

ನಮ್ಮ ಶಾಲೆಯಲ್ಲಿ ಸ್ವಾತಂತ್ರ್ಯ ದಿನಕ್ಕೆ ಧ್ವಜ ಏರಿಸುವುದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು. ಈ ವರ್ಷದ ಅಧ್ಯಕ್ಷೆ ನಾನು, ಜುವೈರಿಯಾ, ಮೂರನೇ ಕ್ಲಾಸಿನ ನೌಫಲನ ತಾಯಿ. ವಾಮದಪದವಿನ ಇದೇ ಶಾಲೆಯಲ್ಲಿ ಓದುವಾಗ ಸಾಲಿನಲ್ಲಿ ನಿಂತು ಕತ್ತೆತ್ತಿ ನೋಡಿದ ಕಂಬ ಅದು. ಅದರ ಹಗ್ಗ ನನ್ನ ಕೈಗೆ ಬರುತ್ತದೆ ಅಂದರೆ ಸುಮ್ಮನೆ ಕೂರಲಾಗುತ್ತದೆಯೇ? ಒಂದು ವಾರದಿಂದ ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಗಂಟು ಹಾಕಿ, ಬಿಚ್ಚಿ, ಮಗನ ನಗೆಗೆ ಗುರಿಯಾಗಿದ್ದೆ.

ಎಂಟೂವರೆಗೆ ಕಾರ್ಯಕ್ರಮ. ಎಂಟು ಇಪ್ಪತ್ತಕ್ಕೆ ಮಕ್ಕಳು ಸಾಲಾಗಿ ನಿಂತಿದ್ದರು. ಧ್ವಜ ಇನ್ನೂ ಹೆಡ್ ಟೀಚರ ಕೈಯಲ್ಲಿತ್ತು. ಹಗ್ಗ ಸಲೀಸಾಗಿ ಓಡುತ್ತದಾ ನೋಡೋಣ ಅಂತ ಕಂಬದಿಂದ ಬಿಚ್ಚಿ ಒಂದು ತುದಿ ಜಗ್ಗಿದೆ. ಇನ್ನೊಂದು ತುದಿಯನ್ನು ಯಾರೂ ಹಿಡಿದಿಲ್ಲ ಅನ್ನುವುದು ಹೊಳೆಯುವಷ್ಟರಲ್ಲಿ ಅದು ಸರ್ರನೆ ಮೇಲೇರಿ, ಅದರ ಕುಣಿಕೆ ರಾಟೆಗೆ ಸಿಕ್ಕಿ ನಿಂತಿತು. ಮೂವತ್ತು ಅಡಿ ಮೇಲೆ!

"ಇನ್ನು ಎಳೀಬೇಡಿ! ಕುಣಿಕೆ ಜಾರಿದ್ರೆ ಪೂರ್ತಿ ಹಗ್ಗ ಕೆಳಗೆ ಬೀಳ್ತದೆ," ಹೆಡ್ ಟೀಚರ್ ಕಿರುಚಿದರು.

ಏಣಿ ತಂದರು, ಅರ್ಧಕ್ಕೂ ಮುಟ್ಟಲಿಲ್ಲ. ಕಂಬ ಹತ್ತುವ ಅಂದರೆ ತೆಳ್ಳಗಿನ ಪೈಪು, ಮಳೆಗೆ ಪಾಚಿ ಬೇರೆ. ನಾನು ಅಧ್ಯಕ್ಷೆಯಾದ ಮೊದಲ ವರ್ಷವೇ ಧ್ವಜ ಏರಲಿಲ್ಲ ಅಂತಾದರೆ ಊರಿನವರು ಬಿಟ್ಟಾರೆಯೇ? ಮಗನ ಮದುವೆಯ ದಿನವೂ ಆಡಿಕೊಳ್ಳುತ್ತಾರೆ. ನನಗೆ ಅಳುವೇ ಬಂತು.

ಅಷ್ಟರಲ್ಲಿ ಏಳನೇ ಕ್ಲಾಸಿನ ತೃಷಾ ಸಾಲು ಬಿಟ್ಟು ಗೇಟಿನ ಕಡೆ ಓಡಿದಳು. "ಅಪ್ಪಾ! ದೋಟಿ! ದೋಟಿ!"

ಗೇಟಿನಾಚೆ ಬೈಕಿನ ಮೇಲೆ ಅವಳ ಅಪ್ಪ ರುಕ್ಮಯ್ಯ ಇದ್ದರು. ಮಗಳನ್ನು ದಿನಾ ಬಿಟ್ಟು, ಸ್ವಲ್ಪ ಹೊತ್ತು ನಿಂತು, ಅಲ್ಲಿಂದಲೇ ತಿರುಗುವ ಮನುಷ್ಯ. ಆರು ವರ್ಷದಲ್ಲಿ ಒಂದು ಪೋಷಕರ ಸಭೆಗೂ ಬಂದವರಲ್ಲ. "ಕೆಲವು ಅಪ್ಪಂದಿರಿಗೆ ಶಾಲೆ ಅಂದ್ರೆ ಬಸ್‌ಸ್ಟ್ಯಾಂಡ್" ಅಂತ ಹಿಂದಿನ ಸಭೆಯಲ್ಲಿ ಅವರನ್ನೇ ನೆನೆದು ನಾನು ಭಾಷಣ ಬಿಗಿದಿದ್ದೆ. ಅಡಿಕೆ ಮರದ ತುದಿಗೆ ನೆಲದಿಂದಲೇ ಮದ್ದು ಬಿಡುವ ಫೈಬರ್ ಕೋಲು, ಅದೇ ದೋಟಿ, ಅವರ ಬೈಕಿಗೆ ಕಟ್ಟಿತ್ತು.

ಬಂದರು, ಮೇಲೆ ನೋಡಿದರು. ತಂತಿ ಬಗ್ಗಿಸಿ ದೋಟಿಯ ತುದಿಗೆ ಕೊಕ್ಕೆ ಕಟ್ಟಿದರು. ಒಂದರೊಳಗೊಂದು ಸೇರಿದ್ದ ಕೊಳವೆಗಳನ್ನು ಎಳೆದು ಬಿಗಿದ ಹಾಗೆ ದೋಟಿ ಉದ್ದವಾಗುತ್ತಲೇ ಹೋಯಿತು. ಮಕ್ಕಳೆಲ್ಲ "ಓ..." ಅಂದರು.

"ಜುವೈರಿಯಕ್ಕ, ಹಗ್ಗದ ಆ ತುದಿ ಗಟ್ಟಿ ಹಿಡ್ಕೊಳ್ಳಿ. ನಾನು ಹೇಳುವಾಗ ಸ್ವಲ್ಪ ಸ್ವಲ್ಪ ಬಿಡಿ."

ಮೊದಲ ಸಲ ಗಾಳಿಗೆ ಕೊಕ್ಕೆ ತಪ್ಪಿತು. ಎರಡನೇ ಸಲ ಸಿಕ್ಕಿ ಜಾರಿತು. ಮೂರನೇ ಸಲ ಕೊಕ್ಕೆ ಕುಣಿಕೆಯೊಳಗೆ ಹೋಯಿತು!

"ಬಿಡಿ... ಬಿಡಿ... ಮೆಲ್ಲ..."

ತುದಿ ಕೆಳಗೆ ಬಂದಾಗ ಎದ್ದ ಬೊಬ್ಬೆ ದೂರದ ಗುರುವಾಯನಕೆರೆಗೂ ಕೇಳಿರಬೇಕು. ಅಧ್ಯಕ್ಷೆ ಅನ್ನುವುದನ್ನೂ ಮರೆತು ನಾನು ಕುಣಿದೇ ಬಿಟ್ಟೆ. ಎಂಟು ಮೂವತ್ತೆರಡಕ್ಕೆ ನನ್ನ ಕೈಯಿಂದಲೇ ಧ್ವಜ ಏರಿತು.

ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ತಂದು, "ರುಕ್ಮಯ್ಯಣ್ಣ, ಕೂತ್ಕೊಳ್ಳಿ" ಅಂದೆ. ಅವರು ಕೂರಲಿಲ್ಲ. ಶಾಲೆಯ ಮಾಡಿನ ಕಡೆ ಕೈ ತೋರಿಸಿದರು.

"ಅಲ್ಲಿ ಮೂರನೇ ಸಾಲಿನಲ್ಲಿ ಎರಡು ಹಂಚು ಒಡೆದದ್ದುಂಟು. ನೀರು ಆರನೇ ಕ್ಲಾಸಿನೊಳಗೆ ಬೀಳ್ತದೆ ಅಲ್ವಾ? ಬಾವಿಯ ಬಲೆ ಒಂದು ಬದಿ ತುಕ್ಕು ಹಿಡಿದಿದೆ. ಸಣ್ಣ ಮಕ್ಕಳು ಅಲ್ಲೇ ಬಗ್ಗಿ ನೋಡ್ತಾರೆ. ನನಗೆ ದಿನಾ ಹೆದರಿಕೆ."

"ಇಷ್ಟು ಗೊತ್ತಿದ್ದು ಯಾಕೆ ಹೇಳ್ಲಿಲ್ಲ ಮಾರಾಯ್ರೆ?"

"ಮೀಟಿಂಗ್‌ನಲ್ಲಿ ಮಾರ್ಕಿನ ವಿಷಯ ಮಾತಾಡ್ತಾರೆ ಅಂತ ಮಗಳು ಹೇಳಿದ್ಳು. ನಾನು ಓದಿದ್ದು ನಾಲ್ಕನೇ ಕ್ಲಾಸು, ಮಾರ್ಕಿನ ವಿಷಯ ಏನು ಹೇಳುವುದು? ಹಂಚಿನ ವಿಷಯ ಯಾರೂ ಕೇಳ್ಲಿಲ್ಲ."

ನನ್ನ ಭಾಷಣವೆಲ್ಲ ನೆನಪಾಗಿ ಮುಖ ಬಿಸಿಯಾಯಿತು. "ಈಗ ನಾನು ಕೇಳ್ತಾ ಇದ್ದೇನೆ ಅಣ್ಣ," ಅಂದೆ. ಸಿಹಿ ಹಂಚುತ್ತಿದ್ದ ಹೆಡ್ ಟೀಚರನ್ನೂ ಕೂಗಿ ಕರೆದೆ.

"ಹಾಗಾದ್ರೆ ಮೊದಲು ಬಾವಿ ನೋಡುವ," ಅಂದ ರುಕ್ಮಯ್ಯ ಮುಂದೆ ನಡೆದೇ ಬಿಟ್ಟರು. ನಾವಿಬ್ಬರೂ ಅವರ ಹಿಂದೆ ಓಡಿದೆವು.