ಸೇತುವೆಯ ಮೇಲಿನ ಸಮಪಾಲು

ಇಂಜಿನಿಯರ್ ಬಾಲ್ದೊಮೇರೊ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಭೆಯ ಹಿಂದಿನ ಸಾಲಿನಲ್ಲಿ ಹುಲ್ಲಿನ ಹಗ್ಗ ಹೊಸೆಯುತ್ತ ಕೂತಿದ್ದ ಸೂಲಗಿತ್ತಿ ದೊಮಿತಿಲಾ ಅದನ್ನು ಕಣ್ಣಾರೆ ಕಂಡಿದ್ದಳು. ಕಣಿವೆಯ ಈಚೆಗಿನ ಮೇಲ್ಕೇರಿಗೂ ಆಚೆಗಿನ ಕೆಳಕೇರಿಗೂ ನಡುವೆ, ದಡದ ಕಂಬಗಳಿಗೆ ಬಿಗಿದು ತೂಗುವ ಹುಲ್ಲಿನ ಸೇತುವೆ ಹೇಗೆ ಭಾರ ಹೊರುತ್ತದೆಂದು ಜನಕ್ಕೆ ತಿಳಿಯಲಿ ಎಂದು ಆತ ಬೆಂಕಿಕಡ್ಡಿ, ದಾರಗಳಿಂದ ಮೊಳದುದ್ದದ ಮಾದರಿ ಕಟ್ಟಿ ತಂದಿದ್ದ. ಅದರ ಎರಡು ತುದಿಗಳನ್ನು ಎರಡು ಅಡುಗೆ ತಕ್ಕಡಿಗಳ ಮೇಲಿಟ್ಟು, ನಟ್ಟನಡುವೆ ಒಂದು ಆಲೂಗಡ್ಡೆ ಇಟ್ಟ. ಎರಡು ಮುಳ್ಳೂ ಒಂದೇ ಅಂಕೆಯಲ್ಲಿ ನಿಂತವು. ಆಲೂಗಡ್ಡೆಯನ್ನು ಮೇಲ್ಕೇರಿಯ ಕಡೆಗೆ ನಾಲ್ಕು ಬೆರಳು ಸರಿಸಿದ. ಆ ಕಡೆಯ ಮುಳ್ಳು ಏರಿತು, ಇನ್ನೊಂದು ಇಳಿಯಿತು.

ಸಭೆಯಲ್ಲಿ ಕೋಕಾ ಎಲೆ ಅಗಿಯುತ್ತಿದ್ದವರೆಲ್ಲ ಮುಂದಕ್ಕೆ ಬಾಗಿದರು.

"ಅಂದ್ರೆ ನಮ್ ಕಡೆ ಕಂಬ ಜಾಸ್ತಿ ಹೊರ್ತದೆ ಅಂತೀರಾ?" ಎಂದ ಮೇಲ್ಕೇರಿಯ ಯಜಮಾನ ಸತುರ್ನಿನೊ.

"ಭಾರ ಹತ್ರ ಇದ್ದಾಗ ಹೊರ್ತದೆ ಅಣ್ಣ. ದೂರ ಹೋದಾಗ ಅವ್ರದು ಹೊರ್ತದೆ."

"ಅವ್ರ ಮನೇಗ್ ಹೋಗೋವಾಗ್ಲೂ ಮೊದ್ಲು ನಾವೇ ಹೊರ್ಬೇಕು. ಇದ್ಯಾವ ನ್ಯಾಯ?"

"ಸೇತುವೆಗೆ ಅದ್ರಿಂದ ಬೇಜಾರಿಲ್ಲ ಅಣ್ಣ."

"ಸೇತುವೆಗಿಲ್ಲ. ನಮಗಿದೆ."

ಆ ಎರಡು ಕೇರಿಗಳಲ್ಲಿ ಹಗ್ಗ ಹೊಸೆದರೆ ಮಾರಿಗೆ ಮಾರು, ಕಾಲುವೆ ತೋಡಿದರೆ ಗುದ್ದಲಿಗೆ ಗುದ್ದಲಿ, ಹೆಣ ಹೊತ್ತರೆ ಹೆಗಲಿಗೆ ಹೆಗಲು. ಒಂದು ಕೇರಿ ಹಿಡಿ ಹುಲ್ಲು ಹೆಚ್ಚಿಗೆ ತಂದರೆ ಇನ್ನೊಂದು ಕೇರಿ ವರ್ಷವಿಡೀ ತಲೆ ತಗ್ಗಿಸಬೇಕು. ಹಾಗಿರುವಾಗ ಕಂಬಗಳು ಮಾತ್ರ ಮನಬಂದಂತೆ ಹೊರುವುದುಂಟೆ? ಭೂತಾಯಿಗೆ ಮೂರು ಬೊಗಸೆ ಜೋಳದ ಕಳ್ಳು ಸುರಿದು ಸಭೆ ತೀರ್ಮಾನಿಸಿತು: ಈ ತುದಿಯಿಂದ ಒಬ್ಬರು ಹೊರಟರೆ, ಅಷ್ಟೇ ತೂಕದ ಇನ್ನೊಬ್ಬರು ಆ ತುದಿಯಿಂದ ಹೊರಡಬೇಕು. ಹೆಜ್ಜೆಗೆ ಹೆಜ್ಜೆ. ಎರಡೂ ಕಡೆ ಉಣ್ಣೆ ತೂಗುವ ತಕ್ಕಡಿಗಳು ನೇತುಬಿದ್ದವು.

ಕೆಳಕೇರಿಯ ಯಜಮಾನ ಎಲಿಯಾಸ್ ಡೊಳ್ಳುಹೊಟ್ಟೆಯ ಮನುಷ್ಯ. ಮೇಲ್ಕೇರಿಗೆ ಬಂದವನಿಗೆ ಮರಳಲು ಸರಿತೂಕದ ಜೊತೆ ಸಿಗದೆ ನಾಲ್ಕು ದಿನ ಸತುರ್ನಿನೊನ ಮನೆಯಲ್ಲೇ ಉಂಡ. ಕೊನೆಗೆ ಆಚೆಯಿಂದ ಒಬ್ಬ ಸನ್ಯಾಸಿನಿಯನ್ನೂ ಎರಡು ಕುರಿಗಳನ್ನೂ ಕಳಿಸಿ ಸರಿದೂಗಿಸಿದರು. ಯಾರೂ ನಗಲಿಲ್ಲ. ನ್ಯಾಯವೆಂದ ಮೇಲೆ ಕಷ್ಟ ಇದ್ದದ್ದೇ.

ಹೀಗಿರಲು ಒಂದು ಬೆಳಗ್ಗೆ ಕೆಳಕೇರಿಯ ನೀವೆಸ್‌ಗೆ ನೋವು ಶುರುವಾಯಿತು. ಚೊಚ್ಚಲು. ಕೂಸು ಅಡ್ಡ ತಿರುಗಿದೆಯೆಂದು ದೊಮಿತಿಲಾ ಹಿಂದಿನ ವಾರವೇ ಮುಟ್ಟಿ ಹೇಳಿದ್ದಳು. ಅದನ್ನು ನೇರಕ್ಕೆ ತರಬಲ್ಲ ಕೈ ಎರಡು ಕೇರಿಗೂ ಅವಳದೊಂದೇ. ಮೇಲ್ಕೇರಿಯಲ್ಲಿದ್ದ ಅವಳು ಓಡೋಡಿ ಸೇತುವೆಗೆ ಬಂದಳು. ಸತುರ್ನಿನೊ ಅವಳನ್ನು ತೂಗಿ, "ನಲವತ್ತೊಂಬತ್ತು," ಎಂದು ಆಚೆಗೆ ಕೂಗಿದ.

ಆಚೆಯಲ್ಲಿ ಎಲ್ಲರೂ ಉಣ್ಣೆ ಕತ್ತರಿಸಲು ಗುಡ್ಡ ಹತ್ತಿದ್ದರು. ಬಸುರಿಯನ್ನು ಬಿಟ್ಟರೆ ಉಳಿದವನು ಕಾಲು ಉಳುಕಿದ ಎಲಿಯಾಸ್ ಒಬ್ಬನೇ.

"ಯಾರೂ ಇಲ್ಲ ಅಣ್ಣ," ಎಂದು ಕೂಗಿದ. "ನೀವೆಸ್ ಇದಾಳೆ. ಅರವತ್ತೆರಡು."

"ಸರಿ ಹಂಗಾದ್ರೆ. ಅವಳೇ ಹೊರಡ್ಲಿ."

ದೊಮಿತಿಲಾ ಅವನ ಮುಖ ನೋಡಿದಳು. "ಅವಳು ಈ ಕಡೆ ಬಂದು ನಾನ್ ಆ ಕಡೆ ಹೋದ್ರೆ, ಹೆರಿಗೆ ಮಾಡ್ಸೋದ್ ಯಾರಿಗಪ್ಪ? ಎಲಿಯಾಸನಿಗಾ?"

ಸತುರ್ನಿನೊ ತಲೆ ಕೆರೆದುಕೊಂಡ. "ಅದೂ ಹೌದು ಅವ್ವ. ಆದ್ರೆ ಬರ್ದಿದ್ದು ಬರ್ದಾಗಿದೆ."

ಆಚೆಯಿಂದ ಸಣ್ಣದೊಂದು ನರಳಿಕೆ ಕಣಿವೆ ದಾಟಿ ಬಂತು. ಇನ್ನು ವಾದ ಮಾಡುವ ಹೊತ್ತಲ್ಲ. ಹಾಗೇ ನುಗ್ಗಿ ಓಡೋಣವೆಂದರೆ ಕಂಬದ ಬಳಿ ಅವನು ಅಡ್ಡ ನಿಂತಿದ್ದ. "ಕಡಿಮೆ ಬಿದ್ದಿದ್ನ ಕಟ್ಟು ನನ್ ಬೆನ್ನಿಗೆ," ಎಂದಳು. ಹದಿಮೂರು ಕಿಲೋ ಆಲೂಗಡ್ಡೆ ಬೆನ್ನೇರಿತು. ಮನದಲ್ಲೇ ಮಾತೆ ಮರಿಯಳನ್ನು ನೆನೆದು ಹೆಜ್ಜೆ ಇಟ್ಟಳು. ಆಚೆಯಿಂದ ನೀವೆಸ್ ಹಗ್ಗ ಹಿಡಿದು, ಒಂದೊಂದು ನೋವಿಗೂ ನಿಂತು, ಬಂದಳು. ಅವಳು ನಿಂತಾಗ ದೊಮಿತಿಲಾಳೂ ನಿಲ್ಲಬೇಕು. ಹಿಂದಿನಿಂದ ಸತುರ್ನಿನೊ ಎಣಿಸುತ್ತಿದ್ದ.

ನಟ್ಟನಡುವೆ ಇಬ್ಬರೂ ಸಂಧಿಸಿದರು.

"ಅವ್ವ, ಇನ್ನೊಂದ್ ಹೆಜ್ಜೆ ಆಗಲ್ಲ," ಎಂದಳು ನೀವೆಸ್.

"ಬೇಡ ಮಗಳೇ. ಇಲ್ಲೇ ಮಲಕ್ಕೋ. ಇಲ್ಲಿ ಯಾರಿಗೂ ಅನ್ಯಾಯ ಆಗಲ್ಲ."

ಮೂಟೆಯನ್ನು ತಲೆದಿಂಬು ಮಾಡಿ, ಶಾಲು ಹಾಸಿ, ದೊಮಿತಿಲಾ ಕೈಗೆ ಎಣ್ಣೆ ಹಚ್ಚಿಕೊಂಡಳು. ಕೆಳಗೆ ಹೊಳೆ ಮೊರೆಯುತ್ತಿತ್ತು, ಸೇತುವೆ ತೊಟ್ಟಿಲಿನಂತೆ ತೂಗುತ್ತಿತ್ತು. ಬಹಳ ಹೊತ್ತಾದ ಮೇಲೆ ಕೂಸು ತಿರುಗಿತು, ಇಳಿಯಿತು, ಅತ್ತಿತು. ಹೆಣ್ಣು.

ಎರಡೂ ದಡದಲ್ಲಿ ಯಜಮಾನರು ಟೋಪಿ ತೆಗೆದರು.

"ಇನ್ನ್ ನೀನ್ ಈ ಕಡೆ ಬಾ ಅವ್ವ," ಎಂದು ಸತುರ್ನಿನೊ ಕೂಗಿದ. "ಅವಳು ಆ ಕಡೆ ಹೋಗ್ಲಿ."

ನೀವೆಸ್ ಏಳಲು ಹೋಗಿ ಕುಸಿದಳು. ಅವಳನ್ನು ಹಿಡಿದು ನಡೆಸದಿದ್ದರೆ ಹೊಳೆಯ ಪಾಲು. ದೊಮಿತಿಲಾ ಕೂಸನ್ನು ಎದೆಗೆ ಕಟ್ಟಿಕೊಂಡಳು, ತಾಯಿಯ ಸೊಂಟಕ್ಕೆ ಕೈ ಹಾಕಿದಳು, ಕೆಳಕೇರಿಯ ಕಡೆಗೆ ತಿರುಗಿದಳು.

"ಎಲಿಯಾಸ್, ಮೂರ್ ಜನ ಬರ್ತಿದೀವಿ. ಮೇಲ್ಕೇರಿ ಕಡೆಯಿಂದ ಯಾರೂ ಇಲ್ಲ. ಎಲ್ಲಾ ನಿನ್ ಕಂಬದ್ಮೇಲೇ. ಏನಂತೀಯ?"

ಎಲಿಯಾಸ್ ಕಂಬವನ್ನು ನೋಡಿದ, ಕೂಸಿನ ಅಳು ಕೇಳಿಸಿಕೊಂಡ. "ನಮ್ ಕೇರಿ ಮಗು ಅವ್ವ. ನಾವ್ ಹೊರ್ದೆ ಇನ್ಯಾರ್ ಹೊರ್ತಾರೆ?"

ಇದು ಸತುರ್ನಿನೊನ ಕಿವಿಗೆ ಚುಚ್ಚಿತು. "ಹುಟ್ಟಿದ್ದು ನಡುವೆ ಕಣಯ್ಯ. ಅರ್ಧ ನಮ್ದೂನೂ. ಪೂರ್ತಿ ನೀವೇ ಹೊತ್ಬಿಟ್ರೆ ನಮ್ ಮರ್ಯಾದೆ ಏನಾಯ್ತು?" ಎಂದವನೇ ಒಂದು ಕಲ್ಲನ್ನು ಹೆಗಲಿಗೇರಿಸಿ, ತನ್ನ ಕಂಬದ ಪಕ್ಕದ ಹಲಗೆಯ ಮೇಲೆ ಹೋಗಿ ನಿಂತ.

ಹೆಂಗಸರು ದಡ ಸೇರಿದರು, ಮನೆ ಸೇರಿದರು. ನೀವೆಸ್ ಒಲೆಯ ಪಕ್ಕ ಮಲಗಿ ಕುರಿಸಾರು ಕುಡಿದಳು. ಬಿಸಿಲು ನೆತ್ತಿಗೆ ಬಂದಾಗ ದೊಮಿತಿಲಾ ಹೊರಗೆ ಬಂದು ನೋಡಿದರೆ, ಆಚೆ ದಡದಲ್ಲಿ ಸತುರ್ನಿನೊ ಕಲ್ಲು ಹೊತ್ತು ಅಲ್ಲೇ ನಿಂತಿದ್ದಾನೆ.

"ಸಾಕ್ ಇಳಿಯಪ್ಪ," ಎಂದು ಕೂಗಿದಳು.

"ಕೂಸು ಹಾಲು ಕುಡೀತಾ?"

"ಕುಡೀತು."

"ಹೊಟ್ಟೆ ತುಂಬಾ?"

"ತುಂಬಾ."

ಅವನು ಆ ಹಾಲಿನಲ್ಲಿ ತಮ್ಮ ಅರ್ಧ ಪಾಲು ಎಷ್ಟಾಯಿತೆಂದು ಲೆಕ್ಕ ಹಾಕಿದ. ಆಮೇಲೆ ಬಗ್ಗಿ, ತನ್ನ ಕಡೆಯಿಂದ ಇನ್ನೊಂದು ಸಣ್ಣ ಕಲ್ಲನ್ನು ಎತ್ತಿಕೊಂಡ.