ಹಗಲು ಹೊತ್ತಿನಲ್ಲಿ ಮುಚ್ಚಿದ ಬಾಗಿಲು

ಬೆಟಗೇರಿಯ ನೇಕಾರರ ಓಣಿಯಲ್ಲಿ ಹಗಲು ಹೊತ್ತು ಯಾರೂ ಬೀದಿ ಬಾಗಿಲು ಮುಚ್ಚುವುದಿಲ್ಲ. ಕಟ್ಟೆಯ ಮೇಲೆ ನೂಲು ಸುತ್ತುವವರು, ಒಳಗೆ ಮಗ್ಗದ ಮುಂದೆ ಕೂತವರು, ಎಲ್ಲರೂ ಒಬ್ಬರಿಗೊಬ್ಬರು ಕಾಣುವಂತೆಯೇ ಕೆಲಸ ಮಾಡುವುದು. ಯಾರ ಮನೆಯಲ್ಲಿ ಒಗ್ಗರಣೆ ಸೀದಿತು ಎಂಬುದು ಕೂಡ ಓಣಿಗೆಲ್ಲ ಗೊತ್ತಾಗಬೇಕು. ಗೊತ್ತಾಗದಿದ್ದರೆ ಅವತ್ತು ಯಾರಿಗೂ ಊಟ ಸೇರುವುದಿಲ್ಲ.

ಅಂಥ ಓಣಿಯಲ್ಲಿ ಮಾಸುಮಬಿಗೆ ಒಂದೇ ಸಂಕಟ. ಮಗಳು ನೂರೀನ ಏನು ನೌಕರಿ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅವಳಿಗೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ.

"ಪೊಲೀಸ ಏನವಾ?" ಎದುರು ಮನೆಯ ಹುಚ್ಚವ್ವ ಮಗ್ಗದ ಮುಂದಿನಿಂದಲೇ ಕೂಗಿ ಕೇಳುತ್ತಿದ್ದಳು.

"ಅಲ್ಲಕ್ಕಾ."

"ಡಾಕ್ಟರ?"

"ಅಲ್ಲ. ದಿಲ್ಲಿಯಾಗ ಸರಕಾರದ ಆಫೀಸರ ಅದಾಳ. ಮೊಬೈಲು, ಇಂಟರ್ನೆಟ್ಟು, ಅದರ ಕಾಯ್ದೆ-ಕಾನೂನು ನೋಡ್ತಾಳ. ಬ್ಯಾರೆ ದೇಶದವರ ಕೂಡ ಕುಂತ ಮಾತಾಡ್ತಾಳ."

"ಬರೇ ಮಾತಾಡಿದ್ದಕ್ಕ ಪಗಾರ ಕೊಡ್ತಾರ? ಹಂಗಾರ ನನಗೂ ಒಂದ ನೌಕರಿ ಕೊಡಸಾಕ ಹೇಳ!" ಎಂದು ಹುಚ್ಚವ್ವ ನಗುತ್ತಿದ್ದಳು. ಮಾತಿನಲ್ಲಿ ಅವಳನ್ನು ಸೋಲಿಸುವವರು ಗದಗದ ಮಾರ್ಕೆಟ್ಟಿನಲ್ಲೂ ಇರಲಿಲ್ಲ.

ನೂರೀನ ಓದಿದ್ದು ಇದೇ ಬೆಟಗೇರಿಯ ಕನ್ನಡ ಶಾಲೆಯಲ್ಲಿ. ದೊಡ್ಡ ಪರೀಕ್ಷೆ ಪಾಸಾಗಿ ಸರ್ಕಾರಿ ಸೇವೆಗೆ ಸೇರಿದಳು. ಮೊದಲು ಹಳ್ಳಿಯ ಜನರಿಗೆ ಆನ್‌ಲೈನ್ ಅರ್ಜಿಗಳು ಅವರದೇ ಭಾಷೆಯಲ್ಲಿ ಸಿಗುವಂತೆ ಮಾಡಿದಳು. ಆಮೇಲೆ ಜನರ ಮಾಹಿತಿ ಕಂಡವರ ಕೈಗೆ ಸಿಗದಂತೆ ಕಾಯುವ ನಿಯಮಗಳ ಕೆಲಸ. ಈಗ ಐದು ವರ್ಷದಿಂದ ವಿದೇಶಾಂಗ ಖಾತೆಯಲ್ಲಿದ್ದು, ಸೈಬರ್ ಅಪರಾಧ ತಡೆಯಲು ಬೇರೆ ಬೇರೆ ದೇಶಗಳ ಅಧಿಕಾರಿಗಳ ಜೊತೆ ಮಾತುಕತೆ ನಡೆಸುತ್ತಾಳೆ. ಮಾಸುಮಬಿಗೆ ಮಗಳ ಬಗ್ಗೆ ಹೆಮ್ಮೆ ಬೇಕಾದಷ್ಟಿತ್ತು. ಕೆಲಸದ ಅರ್ಥ ಮಾತ್ರ ಅಷ್ಟಕ್ಕಷ್ಟೇ.

ಆ ಹೆಮ್ಮೆ ತಡೆಯಲಾರದೆ ಅವಳು ಒಂದು ತಪ್ಪು ಮಾಡಿದಳು. ಸೀರೆ ಮಾರಲೆಂದು ತೆರೆದಿದ್ದ ಫೇಸ್‌ಬುಕ್ ಪುಟದಲ್ಲಿ ಮಗಳ ಫೋಟೊ ಹಾಕಿ, "ನನ್ನ ಮಗಳು ನೂರೀನ ವಿದೇಶದ ಮೀಟಿಂಗ್ ಮುಗಿಸಿ ನಾಳೆ ಊರಿಗೆ ಬರುತ್ತಾಳೆ" ಎಂದು ಬರೆದಳು. ಪುಟದ ಕೆಳಗೆ ಅವಳ ಫೋನ್ ನಂಬರು ಮೊದಲೇ ಇತ್ತು. ಮೆಚ್ಚಿದವರು ಮುನ್ನೂರು ಜನ. ನೋಡಿದವರಲ್ಲಿ ಒಬ್ಬ ಕಳ್ಳ.

ಮರುದಿನ ಬೆಳಿಗ್ಗೆ ಹತ್ತು ಗಂಟೆ. ಗಂಡ ಮಲಂಗಸಾಬ ಮದುವೆಗೆಂದು ಮುಂಡರಗಿಗೆ ಹೋಗಿದ್ದ. ಮಾಸುಮಬಿ ಕಟ್ಟೆಯ ಮೇಲೆ ರಾಟಿ ಮುಂದಿಟ್ಟುಕೊಂಡು ನೂಲು ಸುತ್ತುತ್ತಿದ್ದಳು. ಫೋನು ಬಂತು, ವಿಡಿಯೊ ಕಾಲು. ಪರದೆಯ ಮೇಲೆ ಖಾಕಿ ಬಟ್ಟೆ ತೊಟ್ಟ ಮನುಷ್ಯ, ಅವನ ಹಿಂದೆ ಬಾವುಟ, ಫೈಲುಗಳು.

"ನೂರೀನ ನಿಮ್ಮ ಮಗಳಾ?" ಅವನು ಅರ್ಧ ಹಿಂದಿ, ಅರ್ಧ ಪುಸ್ತಕದ ಕನ್ನಡದಲ್ಲಿ ಕೇಳಿದ. "ವಿದೇಶದಿಂದ ಬರುವಾಗ ಅವಳ ಚೀಲದಲ್ಲಿ ಮಾದಕ ವಸ್ತು ಸಿಕ್ಕಿದೆ. ಅವಳನ್ನು ಬಂಧಿಸಿದ್ದೇವೆ. ನೀವು ಕೂಡ ಡಿಜಿಟಲ್ ಅರೆಸ್ಟ್. ಒಳಗೆ ಹೋಗಿ ಬಾಗಿಲು ಮುಚ್ಚಿ. ಯಾರ ಜೊತೆಗೂ ಮಾತಾಡಬೇಡಿ. ಫೋನ್ ಕಟ್ ಮಾಡಿದರೆ ಮಗಳಿಗೆ ಹತ್ತು ವರ್ಷ ಜೈಲು."

ಮಾಸುಮಬಿ ನಂಬಿಬಿಟ್ಟಳು. ಬೆಳಿಗ್ಗೆ ಮಗಳ ಫೋನಿಗೆ ಹಚ್ಚಿದಾಗ ಸ್ವಿಚ್ ಆಫ್ ಇತ್ತು. ವಿಮಾನದಲ್ಲಿದ್ದರೆ ಹಾಗೇ ಇರುತ್ತದೆ ಎಂಬುದು ಆ ಗಾಬರಿಯಲ್ಲಿ ಯಾರಿಗೆ ಹೊಳೆಯಬೇಕು? ರಾಟಿ ಅಲ್ಲೇ ಬಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿ ಚಿಲಕ ಜಡಿದಳು.

ಗಂಟೆ ಕಳೆಯಿತು. ಅವನು ಹೆದರಿಸುತ್ತಲೇ ಇದ್ದ, ಇವಳು ಅಳುತ್ತಲೇ ಇದ್ದಳು. ಬ್ಯಾಂಕಿನಲ್ಲಿರುವುದನ್ನೆಲ್ಲ ಸರ್ಕಾರದ ಖಾತೆಗೆ ಹಾಕಿದರೆ, ತನಿಖೆ ಮಾಡಿ ಸಂಜೆಗೆ ಮಗಳನ್ನು ಬಿಡುತ್ತೇವೆ ಎಂದ. ಬ್ಯಾಂಕ್ ಕಾರ್ಡಿನ ಫೋಟೊ ಕಳಿಸಲು ಹೇಳಿದ, ಇವಳು ಕಳಿಸಿದಳು. "ಈಗ ನಿಮ್ಮ ಫೋನಿಗೆ ಆರು ಅಂಕಿ ಬಂದಿದೆ. ಓದಿ."

ಮಾಸುಮಬಿ ಕಣ್ಣು ಕಿರಿದು ಮಾಡಿ ನೋಡಿದಳು. ಎಲ್ಲ ಮಂಜು ಮಂಜು. ಚಾಳೀಸಿನ ಕನ್ನಡಕ ಹೊರಗೆ ಕಟ್ಟೆಯ ಮೇಲೆ, ರಾಟಿಯ ಪಕ್ಕದಲ್ಲೇ ಉಳಿದಿತ್ತು!

"ಸಾಹೇಬರ, ಚಾಳೀಸ ಹೊರಗ ಐತ್ರಿ..."

"ಬಾಗಿಲು ತೆಗೆಯಬೇಡಿ! ಹಾಗೇ ಓದಿ!"

ಅಷ್ಟರಲ್ಲಿ ಹುಚ್ಚವ್ವ ನೀರು ಕುಡಿಯಲೆಂದು ಮಗ್ಗ ಬಿಟ್ಟು ಎದ್ದಳು. ಎದುರಿಗೆ ನೋಡಿದರೆ ಮಾಸುಮಬಿಯ ಬಾಗಿಲು ಮುಚ್ಚಿದೆ. ಅರ್ಧ ಸುತ್ತಿದ ನೂಲು ಕಟ್ಟೆಯ ಮೇಲಿದೆ, ಚಾಳೀಸೂ ಇದೆ. ಈ ಓಣಿಗೆ ಸೊಸೆಯಾಗಿ ಬಂದ ನಲವತ್ತು ವರ್ಷದಲ್ಲಿ ಅವಳು ಇಂಥದ್ದು ಕಂಡಿರಲಿಲ್ಲ. ದಡದಡ ಹೋಗಿ ಬಾಗಿಲು ಬಡಿದಳು.

"ಮಾಸುಮಬೀ! ಒಳಗ ಯಾರದೀರಿ?"

"ಯಾರೂ ಇಲ್ಲ ಅನ್ನಿ" ಎಂದು ಫೋನಿನವನು ಪಿಸುಗುಟ್ಟಿದ.

"ಯಾರೂ ಇಲ್ಲಕ್ಕಾ" ಎಂದಳು ಮಾಸುಮಬಿ.

"ಯಾರೂ ಇಲ್ಲಂದ್ರ ಮಾತಾಡಾಕತ್ತಾಕಿ ಯಾರ ಲೇ? ಕದಾ ತೆಗೀತೀಯೋ, ಮುರೀಲೋ?"

ಮಾಸುಮಬಿ ಒಂದು ಕಡೆ ಖಾಕಿ ಬಟ್ಟೆ ನೋಡಿದಳು, ಒಂದು ಕಡೆ ಅಲುಗಾಡುವ ಚಿಲಕ ನೋಡಿದಳು. ಹೆದರಿಕೆ ಎರಡರದ್ದೂ ಇತ್ತು. ಆದರೆ ಹುಚ್ಚವ್ವನ ಹೆದರಿಕೆ ಹಳೆಯದು. ಎದ್ದು ಹೋಗಿ ಚಿಲಕ ತೆಗೆದಳು.

ಹುಚ್ಚವ್ವ ಒಳಗೆ ನುಗ್ಗಿದವಳೇ ಫೋನು ಕಸಿದುಕೊಂಡಳು. "ಏನ್ ಸಾಹೇಬರ, ಯಾವ ಠಾಣೆ ನಿಮ್ದು? ಹೆಣ್ಮಕ್ಕಳ್ನ ಒಳಗ ಹಾಕಿ ಚಿಲಕ ಹಾಕಸ್ತೀರಿ, ಇದ್ಯಾವ ಊರ ಕಾನೂನ್ರಿ?"

"ಸುಮ್ಮನಿರಿ! ನೂರೀನ ಇಲ್ಲೇ ನನ್ನ ಪಕ್ಕದಲ್ಲಿ ಬೇಡಿ ಹಾಕಿಕೊಂಡು ಕೂತಿದ್ದಾಳೆ!" ಎಂದು ಅವನು ಗುಡುಗಿದ.

ಆಗಲೇ ಓಣಿಯಲ್ಲಿ ಕಾರು ನಿಂತ ಸದ್ದಾಯಿತು. ಹುಬ್ಬಳ್ಳಿಯಲ್ಲಿ ವಿಮಾನ ಇಳಿದು ಬಂದ ನೂರೀನ, ಕೈಯಲ್ಲಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು! ಮಾಸುಮಬಿ ಚೀರಿದಳೋ, ನಕ್ಕಳೋ, ಅವಳಿಗೇ ತಿಳಿಯಲಿಲ್ಲ. "ಇವ ನಿನ್ನ ಬೇಡಿ ಹಾಕಿ ಬಾಜೂಕ ಕುಂಡ್ರಿಸ್ಕೊಂಡಾನಂತ!" ಎಂದು ಹುಚ್ಚವ್ವ ಹೇಳಿದ ಒಂದೇ ಮಾತಿಗೆ ನೂರೀನಳಿಗೆ ಎಲ್ಲ ಅರ್ಥವಾಯಿತು. ಫೋನಿನ ಮುಂದೆ ಬಾಗಿದಳು.

"ನಮಸ್ಕಾರ್ರಿ. ನಾನ ನೂರೀನ. ನಿಮ್ಮ ಬಾಜೂಕ ಕುಂತಾಕಿ ಯಾರ್ರಿ?"

ಕಾಲು ಕಟ್ಟಾಯಿತು. ಹುಚ್ಚವ್ವ ಬಿದ್ದು ಬಿದ್ದು ನಕ್ಕಳು. ಓಣಿಯೆಲ್ಲ ಬಾಗಿಲಿಗೆ ಬಂದು ಸೇರಿತು.

ನೂರೀನ ಮೊದಲು ಬ್ಯಾಂಕಿಗೆ ಹೇಳಿ ಕಾರ್ಡು ನಿಲ್ಲಿಸಿದಳು. ಆಮೇಲೆ ಸೈಬರ್ ಮೋಸದ ದೂರು ಕೇಳುವ ಸರ್ಕಾರದ ಸಹಾಯವಾಣಿ 1930ಕ್ಕೆ ಫೋನು ಮಾಡಿ ಕಳ್ಳನ ನಂಬರು ಕೊಟ್ಟಳು. ಮಾಸುಮಬಿಗೆ ಅಳು ನಿಂತು ಸಿಟ್ಟು ಬಂತು.

"ಇಷ್ಟ ದೊಡ್ಡ ಆಫೀಸರ ನೀನು. ನಿನ್ನ ಮನಿಗೇ ಕಳ್ಳ ಬಂದ್ನಲ್ಲವಾ! ಏನ ಉಪಯೋಗ ನಿನ್ನ ನೌಕರೀದು?"

"ಕಳ್ಳ ಒಂದ ದೇಶದಾಗ ಕುಂತಿರ್ತಾನಮ್ಮಾ. ಅವನ ಸಿಮ್ಮು ಇನ್ನೊಂದ ದೇಶದ್ದು. ರೊಕ್ಕ ಹೋಗೋದು ಮತ್ತೊಂದ ಕಡೆ. ಗದಗಿನ ಪೊಲೀಸರು ಅಲ್ಲಿಗೆ ಹೋಗಿ ಹಿಡಿಯಾಕ ಬರಂಗಿಲ್ಲ. ಅದಕ್ಕ ನಾವು ಆ ದೇಶದವರ ಜೋಡಿ ಕುಂತ ಮಾತಾಡಬೇಕು. ನಿಮ್ಮಲ್ಲಿ ಅಡಗಿದ ಕಳ್ಳನ ಖಬರ ನಮಗ ಕೊಡ್ರಿ, ನಮ್ಮಲ್ಲಿದ್ದವನ ಖಬರ ನಾವ್ ಕೊಡ್ತೀವಿ. ಬಾಗಲಾ ಬಡದ್ರ ತೆಗೀರಿ ಅಂತ ಒಪ್ಪಸಬೇಕು."

ಹುಚ್ಚವ್ವ ಕಣ್ಣರಳಿಸಿದಳು. "ಈಗ ನಾ ಮಾಡಿದ್ದೂ ಅದ ಅಲ್ಲೇನವಾ?"

"ಅದ ದೊಡ್ಡವ್ವ! ನೀವು ಐದ ನಿಮಿಷದಾಗ ಮಾಡಿದ್ರಿ. ನಮಗ ಐದ ವರ್ಷ ಹಿಡದೈತಿ, ಇನ್ನೂ ಮುಗದಿಲ್ಲ."

ಎರಡು ದಿನದ ಮೇಲೆ ಲಕ್ಷ್ಮೇಶ್ವರದ ಮಹಿಳಾ ಸಂಘದಲ್ಲಿ ನೂರೀನಳ ಭಾಷಣವಿತ್ತು. ಸಂಘದ ಚನ್ನಮ್ಮ ಮಾಸುಮಬಿಯನ್ನು ಕೇಳಿದಳು: "ನಿಮ್ಮ ಮಗಳದು ಏನ ನೌಕರೀರಿ?"

ಮಾಸುಮಬಿ ಈ ಸಲ ತಡವರಿಸಲಿಲ್ಲ. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ನಮ್ಮ ಹುಚ್ಚವ್ವಕ್ಕ ಓಣಿಯಾಗ ಮಾಡೋ ಕೆಲಸಾನ ನನ್ನ ಮಗಳು ದೇಶ ದೇಶದ ನಡುವ ಮಾಡ್ತಾಳ್ರಿ." ಹೇಳುವಾಗ ಅವಳಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಓದುವ, ಕೇಳುವ ಅಕ್ಕ-ಅಣ್ಣಂದಿರೇ, ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ವಿಡಿಯೊ ಕಾಲಿನಲ್ಲಿ ಯಾವ ಪೊಲೀಸರೂ ಬಂಧಿಸುವುದಿಲ್ಲ. ಫೋನಿಗೆ ಬಂದ ಅಂಕಿಗಳನ್ನು ಯಾರಿಗೂ ಓದಿ ಹೇಳಬೇಡಿ. ಮನೆಯವರು ಯಾವತ್ತು ಎಲ್ಲಿಗೆ ಹೋಗುತ್ತಾರೆ, ಬರುತ್ತಾರೆ ಎಂದು ಊರಿಗೆಲ್ಲ ಸಾರಬೇಡಿ. ಮೋಸವಾದರೆ ನಾಚಿಕೆಪಟ್ಟು ಕೂರದೆ ಕೂಡಲೇ 1930ಕ್ಕೆ ಫೋನು ಮಾಡಿ. ಬಾಗಿಲು ಮುಚ್ಚು ಎಂದು ಫೋನಿನಲ್ಲಿ ಯಾರಾದರೂ ಹೇಳಿದರೆ, ಆಗಲೇ ಎದ್ದು ಹೋಗಿ ಬಾಗಿಲು ತೆರೆದು ನೆರೆಯವರನ್ನು ಕರೆಯಿರಿ. ನಿಮ್ಮ ಓಣಿಯಲ್ಲೂ ಒಬ್ಬ ಹುಚ್ಚವ್ವ ಇದ್ದೇ ಇರುತ್ತಾಳೆ. ಇರದಿದ್ದರೆ ಇವತ್ತಿನಿಂದ ನೀವೇ ಆಗಿ. ಹಗಲು ಹೊತ್ತಿನಲ್ಲಿ ಪಕ್ಕದ ಮನೆಯ ಬಾಗಿಲು ಮುಚ್ಚಿದ್ದು ಕಂಡರೆ, ಹೋಗಿ ಬಡಿಯಿರಿ.